ಆಲಿವ್ ಬಾಟಲಿಯ ಉಪ್ಪುನೀರು

ನನಗೆ ಬಿ.ಪಿ. ಬಂದಾಗಿನಿಂದ ಹೆಂಡತಿ ಅಡಿಗೆಗೆ ಉಪ್ಪು ಹಾಕುವುದನ್ನೇ ಬಿಟ್ಟಿದ್ದಳು. ಸಪ್ಪೆ ಸೊಪ್ಪಿನ ಸಾರು, ಸಪ್ಪೆ ಮುದ್ದೆ. ನಾನು ತಿಂದದ್ದನ್ನೇ ಅವಳೂ ತಿನ್ನುತ್ತಿದ್ದಳು. ಆದರೂ ನಾನು ಗೊಣಗುತ್ತಿದ್ದೆ.

ಯಳಂದೂರಿಗೆ ಕೊಟ್ಟಿರುವ ಮಗಳು ಅಜ್ಜೀಪುರದ ನಮ್ಮ ಮನೆಗೆ ಬಂದಾಗ ಒಂದು ದೊಡ್ಡ ಬಾಟಲಿ ಆಲಿವ್ ತಂದಳು. ಬೇವಿನ ಹಣ್ಣಿಗಿಂತ ದಪ್ಪನೆಯ ಹಸಿರು ಕಾಯಿ. ಹಸಿಯದು ಬಾಯಿಗಿಡಲಾಗದಷ್ಟು ಕಹಿಯಂತೆ. ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಊರಿದ ಮೇಲೆಯೇ ತಿನ್ನಲು ಬರುವುದಂತೆ. ಅದರಲ್ಲಿರುವ ಎಣ್ಣೆ ಹೃದಯಕ್ಕೆ ಒಳ್ಳೆಯದು, ಆದರೆ ಉಪ್ಪು ಜಾಸ್ತಿ, ತೊಳೆದು ನೆನೆಸಿ ನಾಲ್ಕೈದು ಮಾತ್ರ ಕೊಡು ಎಂದು ಅವ್ವನಿಗೆ ಹೇಳಿ ಹೋದಳು. ನನ್ನ ಕಿವಿಗೆ ಬಿದ್ದದ್ದು ಹೃದಯಕ್ಕೆ ಒಳ್ಳೆಯದು ಎಂಬುದಷ್ಟೇ.

ಹೆಂಡತಿ ಅದನ್ನು ನೆನೆಸಿ, ಹೆಚ್ಚಿ, ಮೊಸರನ್ನಕ್ಕೋ ಸೌತೆಕಾಯಿ ಕೋಸಂಬರಿಗೋ ಬೆರೆಸುತ್ತಿದ್ದಳು. ನನಗೆ ಸಾಲಲಿಲ್ಲ. ಅವಳು ಡೈರಿಗೆ ಹಾಲು ಹಾಕಲು ಹೋದಾಗಲೆಲ್ಲ ಬಾಟಲಿಯಿಂದ ನೇರ ತೆಗೆದು ನೆಲ್ಲಿಕಾಯಿ ಉಪ್ಪಿನಕಾಯಿಯಂತೆ ಮುದ್ದೆಗೆ ನಂಜಿಕೊಂಡೆ. ಬಾಟಲಿಯ ಉಪ್ಪುನೀರನ್ನೂ ಬಿಡದೆ ಮಜ್ಜಿಗೆಗೆ ಬೆರೆಸಿ ಕುಡಿದೆ. ಗೊತ್ತಾಗದಿರಲೆಂದು ಬಾಟಲಿಗೆ ಬರೀ ನೀರು ತುಂಬಿಸಿಟ್ಟೆ.

ಕಾಲು ಊದಿಕೊಂಡಿತು. ಕೊಳ್ಳೇಗಾಲದ ಡಾಕ್ಟರು ಬಿ.ಪಿ. ನೋಡಿ ಜೊತೆಗೆ ಬಂದಿದ್ದ ಹೆಂಡತಿಯತ್ತ ತಿರುಗಿದರು.

"ಏನಮ್ಮಾ, ಯಜಮಾನ್ರನ್ನ ಉಪ್ಪಲ್ಲೇ ಮುಗಿಸ್ಬೇಕು ಅಂತಿದ್ದೀಯಾ?"

"ಉಪ್ಪೇ ಆಕಲ್ಲ ಸಾ."

ಅವರು ನಂಬಲಿಲ್ಲ. ನಾನು ಗೋಡೆ ನೋಡುತ್ತ ಕುಳಿತೆ. ವಿಷಯ ತಿಳಿದು ಮಗಳೂ ಫೋನಿನಲ್ಲಿ ಅವಳನ್ನೇ ಬೈದಳು. ಉಪ್ಪು ಹಾಕುವಾಗ ಕೈ ಬಿಗಿ ಹಿಡಿಯಲು ಬರುವುದಿಲ್ಲವೇ, ಅಪ್ಪನ ಮೇಲೆ ಅಷ್ಟೂ ನಿಗಾ ಇಲ್ಲವೇ ಎಂದಳು. ಹೆಂಡತಿ ಎಲ್ಲಕ್ಕೂ ಹೂಂಗುಟ್ಟಿ ಫೋನಿಟ್ಟಳು. ನಾನು ಪಕ್ಕದಲ್ಲೇ ಮಂಚದ ಮೇಲಿದ್ದೆ, ಎಲ್ಲವನ್ನೂ ಕೇಳಿಸಿಕೊಂಡೆ. ಕಾಲಿನ ಊತ ಇಳಿಯಿತು, ನಾನು ಬಾಯಿ ಮಾತ್ರ ಬಿಡಲಿಲ್ಲ.

ಮೊನ್ನೆ ತಡೆಯಲಾಗದೆ ಹೇಳಿಬಿಟ್ಟೆ. ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ನೆನೆ ಆಕೋಕ್ ಮುಂಚೇನೆ ಕಾಯಿ ಸಪ್ಪಗಿತ್ತು. ಅವತ್ತೇ ಗೊತ್ತಾಯ್ತು ಕಣ್ರಿ. ಡಾಕ್ಟ್ರು ಮುಂದೆ ನೀವೇ ಯೋಳ್ತೀರಿ ಅಂತ ಕಾದೆ."

ಅಲ್ಲೇ ನಿಂತು ಮಗಳಿಗೂ ಫೋನು ಮಾಡಿ ಹೇಳಿದೆ. ಕೇಳಿಸಿಕೊಂಡವಳು, "ಅವ್ವನ್ಗೆ ಕೊಡಪ್ಪ" ಎಂದಳು.

ಫೋನು ಚಾಚಿದೆ. ಹೆಂಡತಿ ಹಿಟ್ಟು ಮೆತ್ತಿದ ಕೈಗಳನ್ನು ತೋರಿಸಿದಳು. ಒರೆಸಿಕೊಳ್ಳದೆ ಮತ್ತೆ ಜರಡಿ ಹಿಡಿದಳು.