ಡೇಟು ಮುಗಿದ ಮೇಲೆ ಮಕ್ಕಳಿಗೆ

ಸಮಸ್ತ ಬಿಸ್ಕತ್ತುಪ್ರಿಯ ಮಹಾಜನರ ಪಾದಾರವಿಂದಗಳಿಗೆ ಈ ಅಲ್ಪನ ಸಾಷ್ಟಾಂಗ ನಮಸ್ಕಾರಗಳು.

ಇಂದು ಇಂದಿರಾನಗರದ ಅಂಗಡಿಯಲ್ಲಿ ಪುಟ್ಟ ಹುಡುಗಿಯೊಬ್ಬಳು ಕ್ರೀಮ್ ಬಿಸ್ಕತ್ತಿನ ಪ್ಯಾಕೆಟ್ ತಿರುಗಿಸಿ, ಡೇಟು ಓದಿ, ಮೂಗು ಮುರಿದು ವಾಪಸ್ ಇಟ್ಟಳು. ನನ್ನ ಹೊಟ್ಟೆ ಉರಿಯಿತು.

ವಿಮಾನಪುರದ ನಮ್ಮ ಮನೆಯಲ್ಲಿ ಆ ಡೇಟಿಗೆ ಬೇರೆಯೇ ಕಾನೂನಿತ್ತು. ಡೇಟು ಇರುವವರೆಗೆ ಬಿಸ್ಕತ್ತು ನೆಂಟರದು, ದಾಟಿದರೆ ಮಕ್ಕಳದು. ಅಮ್ಮ ಅದನ್ನು ಬೀರುವಿನಲ್ಲಿ ರೇಷ್ಮೆ ಸೀರೆ, ನುಸಿಗುಳಿಗೆಗಳ ನಡುವೆ ಇಟ್ಟು ಬೀಗ ಹಾಕುತ್ತಿದ್ದಳು. ಕೆ.ಆರ್. ಪುರದ ದೊಡ್ಡಪ್ಪ ಬಂದಾಗ ಮಾತ್ರ ಪ್ಯಾಕೆಟ್ ಹೊರಬರುತ್ತಿತ್ತು. ನಾನು ತಟ್ಟೆ ಹಿಡಿದು ಸಿದ್ಧನಾಗಿ ನಿಂತಿರುತ್ತಿದ್ದೆ.

“ನಂಗೆ ಶುಗರ್ ಕಣಮ್ಮಾ, ಒಡೀಬೇಡ,” ಎನ್ನುತ್ತಿದ್ದರು ದೊಡ್ಡಪ್ಪ. ಪ್ಯಾಕೆಟ್ ಮತ್ತೆ ಬೀರು ಸೇರುತ್ತಿತ್ತು.

ಕೊನೆಗೆ ಡೇಟು ಮುಗಿದು ನನ್ನ ಪಾಲಿಗೆ ಬರುವಷ್ಟರಲ್ಲಿ ಬಿಸ್ಕತ್ತು ಮೆತ್ತಗಾಗಿರುತ್ತಿತ್ತು. ಅಮ್ಮ ಒಂದನ್ನು ಮುರಿದು, ಮೂಸಿ, ತೀರ್ಪು ಕೊಡುತ್ತಿದ್ದಳು. “ಬೂಷ್ಟು ಹಿಡಿದಿಲ್ಲ, ಮುಗ್ಗಲು ವಾಸ್ನೆ ಇಲ್ಲ. ತಿನ್ನು.”

“ನುಸಿಗುಳಿಗೆ ವಾಸ್ನೆ ಬರ್ತಿದೆ ಅಮ್ಮಾ.”

“ಅದು ಸೀರೇದು ಕಣೋ, ಬಿಸ್ಕತ್ತಿಂದಲ್ಲ.”

ಈ ಅನ್ಯಾಯವನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಆದರೂ ಒಂದು ಮಾತು, ನಿಮ್ಮಲ್ಲೇ ಇರಲಿ. ಗರಿಗರಿ ಬಿಸ್ಕತ್ತು ಈಗ ನನಗೆ ರುಚಿಸುವುದೇ ಇಲ್ಲ. ಹೊಸ ಪ್ಯಾಕೆಟ್ ಒಡೆದು, ಗಾಳಿಗಿಟ್ಟು, ಚೆನ್ನಾಗಿ ಮೆತ್ತಗಾದ ಮೇಲೆಯೇ ತಿನ್ನುತ್ತೇನೆ.