ಅಜ್ಜನ ಗಡಿಯಾರದ ಮೊದಲ ಟ್ಯೂಬು

ಪ್ಲಗ್ ತೆಗೆದ ಮೇಲೂ ಗಡಿಯಾರ ಶಾಕ್ ಹೊಡೆಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ, ಮಕ್ಕಳೇ. ಗುಡುಗು ಶುರುವಾದ ಕೂಡಲೇ ಎಲ್ಲ ಪ್ಲಗ್ಗುಗಳನ್ನು ಎಳೆದಿದ್ದೆ. ಹೇಗೂ ಆರಿದೆಯಲ್ಲ, ಧೂಳು ಒರೆಸುವ ಎಂದು ನಿಮ್ಮ ಅಜ್ಜ ಮಾಡಿದ ಗಡಿಯಾರದ ಹಿಂದಿನ ಹಲಗೆ ಬಿಚ್ಚಿ ಕೈ ಹಾಕಿದೆ. ಮೊಣಕೈವರೆಗೆ ಝಲ್ಲೆಂದಿತು. ಅಲ್ಲೇ ನೆಲಕ್ಕೆ ಕುಳಿತುಬಿಟ್ಟೆ.

ಅದಕ್ಕಿಂತ ದೊಡ್ಡ ಆಘಾತ ಗುಡುಗು ನಿಂತು ಪ್ಲಗ್ ಹಾಕಿದ ಮೇಲೆ ಆಯಿತು. ನಾಲ್ಕು ಗಾಜಿನ ಟ್ಯೂಬುಗಳಲ್ಲಿ ಕೊನೆಯದು ಹೊತ್ತಲೇ ಇಲ್ಲ. ಅದರ ನೆತ್ತಿಯಲ್ಲಿ ಕನ್ನಡಿಯಂತೆ ಹೊಳೆಯುತ್ತಿದ್ದ ಕಲೆ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು.

ಬೆಳ್ತಂಗಡಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಅಜ್ಜ ಯಾವುದೋ ಗುಜರಿ ಯಂತ್ರದಿಂದ ಆ ನಿಕ್ಸಿ ಟ್ಯೂಬುಗಳನ್ನು ಬಿಡಿಸಿ ತಂದಿದ್ದರು. ಒಂದೊಂದರೊಳಗೂ ಗಂಟೆ, ನಿಮಿಷದ ಒಂದೊಂದು ಅಂಕೆ ಕೆಂಡದ ಬಣ್ಣದಲ್ಲಿ ಉರಿಯುತ್ತದೆ. ಅವರ ಕೈಯಿಂದ ಆದ ವಸ್ತು ಮನೆಯಲ್ಲಿ ಉಳಿದದ್ದು ಅದೊಂದೇ. ನಾನೇ ಕೊಂದೆನೆಂದು ಊಟ ಸೇರಲಿಲ್ಲ.

ಗಡಿಯಾರವನ್ನು ಮೈ ಒರೆಸುವ ಬೈರಾಸಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮೂಡುಬಿದಿರೆಗೆ ಹೋದೆ. ಅಲ್ಲಿ ಟಿವಿ, ಮಿಕ್ಸಿ ರಿಪೇರಿಯ ಅಂಗಡಿ ನಡೆಸುವವಳು ಒಬ್ಬ ಹೆಂಗಸು. ಅದಕ್ಕೇ ನನಗೆ ಒಳಗೆ ಹೋಗುವ ಧೈರ್ಯ ಬಂತು.

"ನಿಮ್ಮಿಂದ ಹಾಳಾದದ್ದಲ್ಲಮ್ಮ" ಎಂದಳು ಅವಳು. "ಬುಡದಲ್ಲಿ ಹಳೇ ಬಿರುಕು ಉಂಟು, ಗಾಳಿ ಹೊಕ್ಕಿದೆ, ಅದಕ್ಕೇ ನೆತ್ತಿ ಬೆಳ್ಳಗಾದದ್ದು. ಇದು ಇನ್ನು ಆಗ್ಲಿಕ್ಕಿಲ್ಲ. ಆದ್ರೆ ಕೈ ಯಾಕೆ ಹಾಕಿದ್ದು ಮಾರಾಯ್ರೆ? ಕೆಪಾಸಿಟರಿನಲ್ಲಿ ಕರೆಂಟು ಸ್ವಲ್ಪ ಹೊತ್ತು ನಿಂತಿರ್ತದೆ."

ಅವಳು ನಾಲ್ಕು ಕಡೆ ಫೋನ್ ಮಾಡಿ ಕೇಳಿದರೂ ಅಂಥದೇ ಟ್ಯೂಬು ಸಿಗಲಿಲ್ಲ. ಅವಳು ಮೊದಲನೆಯ ಟ್ಯೂಬನ್ನು ಕಿತ್ತು, ನಿಮಿಷ ತೋರಿಸುವ ಕೊನೆಯ ಜಾಗಕ್ಕೆ ಹಾಕಲು ಹೊರಟಳು.

"ಬೇಡಮ್ಮಾ, ಅದರಲ್ಲಿ ಒಂದು ಮಾತ್ರ ಇರುವುದಲ್ವಾ?" ಎಂದೆ. ಹತ್ತು, ಹನ್ನೊಂದು, ಹನ್ನೆರಡು ಗಂಟೆಗೆ ಮಾತ್ರ ಅದು ಹೊತ್ತುತ್ತಿತ್ತು, ಅದೂ ಒಂದು ಎಂದು.

ಅವಳು ನಕ್ಕು, ಅದನ್ನು ಕೊನೆಯ ಜಾಗದಲ್ಲಿ ಕೂರಿಸಿದಳು. "ಎಲ್ಲದರಲ್ಲೂ ಸೊನ್ನೆಯಿಂದ ಒಂಬತ್ತರವರೆಗೆ ಉಂಟು. ನೀವೇ ನಿಮಿಷದ ಗುಂಡಿ ಒತ್ತಿ."

ಒತ್ತಿದೆ. ಎರಡು ಬಂತು. ಮೂರು ಬಂತು. ಇಷ್ಟು ವರ್ಷ ದಿನವೂ ನೋಡಿದ ಗಾಜಿನೊಳಗೆ ಇವೆಲ್ಲ ಕುಳಿತಿದ್ದವೇ! ಬಾಯಿ ಮುಚ್ಚುವುದು ಮರೆಯಿತು. ಆದರೆ ಯಾವುದೂ ಪೂರ್ತಿ ಇರಲಿಲ್ಲ. ಎಂಟಕ್ಕೆ ಹೊಟ್ಟೆಯಿಲ್ಲ, ಒಂಬತ್ತಕ್ಕೆ ಬಾಲವಿಲ್ಲ.

"ಇದೂ ಹೋಯ್ತಾ?"

"ಇಲ್ಲಮ್ಮ. ಉರಿಯದೆ ಇದ್ದ ಅಂಕೆಗಳಿಗೆ ಕಿಟ್ಟ ಹಿಡಿದಿದೆ. ಒಂದೊಂದನ್ನೇ ಸ್ವಲ್ಪ ಹೆಚ್ಚು ಕರೆಂಟು ಕೊಟ್ಟು ಉರಿಸುವ. ಬಿಟ್ಟು ಹೋಗಿ."

ಮುಂದಿನ ವಾರ ಹೋದಾಗ ಒಂಬತ್ತಕ್ಕೆ ಬಾಲ ಬಂದಿತ್ತು. ಅಂಗಡಿಯಲ್ಲಿ ಜನರಿದ್ದರೂ ಕಣ್ಣೀರು ತಡೆಯಲಾಗಲಿಲ್ಲ.

ಈಗ ಗಡಿಯಾರದ ಮೊದಲ ಜಾಗ ಖಾಲಿ. ಮೊನ್ನೆ ಮಧ್ಯಾಹ್ನ ಮಜ್ಜಿಗೆ ಕುಡಿಯುತ್ತಿದ್ದ ಪಕ್ಕದ ಮನೆಯವಳು ಅದನ್ನು ನೋಡಿ ಲೋಟ ಇಟ್ಟು ಎದ್ದಳು. "ಅಯ್ಯೋ, ಎರಡು ಗಂಟೆ! ಬಸ್ಸು ಹೋಯ್ತಲ್ಲ ಅಕ್ಕಾ!"

"ಹನ್ನೆರಡು ಮಾರಾಯ್ತಿ, ಕೂತ್ಕೋ."

"ಎಂತ ಗಡಿಯಾರ ಇದು, ಎದೆ ಒಡೆಸ್ತದೆ!"

ರಜೆಗೆ ಬಂದಾಗ ನೀವೂ ಗಾಬರಿಯಾಗಬೇಡಿ, ಮಕ್ಕಳೇ. ಹೊಟ್ಟೆ ಹಸಿದಿರುವಾಗ ಅದು ಎರಡು ಎಂದರೆ ಹನ್ನೆರಡು ಎಂದು ತಿಳಿಯಿರಿ. ಆ ಒಂದನ್ನು ನಾನು ಬಾಯಲ್ಲಿ ಹೇಳುತ್ತೇನೆ. ಹಿಂದಿನ ಹಲಗೆ ಮಾತ್ರ ಮುಟ್ಟಬೇಡಿ.