ಹಿನ್ನೀರಿನ ದಡದ ಒಂಟಿ ಗಂಬೂಟು

ನರಸಿಂಹರಾಜಪುರಕ್ಕೆ ಬಂದ ಮೇಲೆ ನಾನು ಮೊದಲ ಸಲ ಡೈವಿಂಗಿನ ಮಾತೆತ್ತಿದಾಗ ರಾಘಣ್ಣ ಕುಡಿಯುತ್ತಿದ್ದ ಚಹಾ ಕೆಳಗಿಟ್ಟು, ದನಿ ತಗ್ಗಿಸಿ ಕೇಳಿದರು: "ಯಾರು ಹೋಗಿದ್ದು ಮಾರಾಯ್ರೆ?"

ರಾಘಣ್ಣ ಎಂದರೆ ನಾನು ಕೆಲಸ ಮಾಡುವ ಔಷಧಿ ಅಂಗಡಿಯ ಯಜಮಾನರು. ಯಾರೂ ಹೋಗಿಲ್ಲ, ನಮ್ಮೂರಿನ ಗೆಳೆಯರು ಹಿನ್ನೀರಿನಲ್ಲಿ ಮುಳುಗಲಿಕ್ಕೆ ಬರುತ್ತಾರೆ ಎಂದೆ. ಅವರ ಮುಖ ಇನ್ನಷ್ಟು ಬಿಳಿಚಿತು. "ಎಲ್ಲರೂ ಒಟ್ಟಿಗೇ?" ಎಂದರು.

ಮುರ್ಡೇಶ್ವರದಲ್ಲಿ ಕೂತು ಇದನ್ನು ಓದುವ ನಿಮಗೆ ನಗು ಬರಬಹುದು. ನಮ್ಮಲ್ಲಿ ಡೈವಿಂಗ್ ಎಂದರೆ ರಜೆ. ಬೆಳಗಾದರೆ ದೋಣಿ ಕಡಲ ನಡುವಿನ ನೇತ್ರಾಣಿ ಗುಡ್ಡದ ಕಡೆ ಹೊರಡುತ್ತದೆ, ಬೆಂಗಳೂರಿನವರು ರಬ್ಬರಿನ ಅಂಗಿ ತೊಟ್ಟು ಫೋಟೋ ಹೊಡೆಸಿಕೊಳ್ಳುತ್ತಾರೆ. ಇಲ್ಲಿ ನೀರಿನಡಿಗೆ ಇಳಿಯುವವರು ಬರುವುದು ಒಂದೇ ಕಾರಣಕ್ಕೆ. ಯಾರಾದರೂ ನೀರಿಗೆ ಬಿದ್ದು ಮೇಲೆ ಬರದಿದ್ದಾಗ, ಹೆಣ ಎತ್ತಲಿಕ್ಕೆ. ಅಂಥವರನ್ನು ಈ ಊರಿನಲ್ಲಿ 'ಮುಳುಗುವವರು' ಎನ್ನುತ್ತಾರೆ. ಆ ಮಾತು ಬಂದರೆ ಹೆಂಗಸರು ಸೆರಗು ಎಳೆದುಕೊಳ್ಳುತ್ತಾರೆ. ಇದು ನನಗೆ ತಿಳಿಯುವಷ್ಟರಲ್ಲಿ ಸುದ್ದಿ ಸಂತೆಗೆ ಹೋಗಿಯಾಗಿತ್ತು.

ಗಂಡನಿಗೆ ಕೊಪ್ಪದ ಕಾಲೇಜಿನಲ್ಲಿ ಪಾಠ, ನನಗೆ ಇಲ್ಲಿ ಅಂಗಡಿ. ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆಯ ಬಾಡಿಗೆ ಮನೆ. ಕೆಳಗೆ ಕಬ್ಬಿಣದ ಸರಳು ಇಳಿಸುವ ಸದ್ದಿಗೆ ಬೆಳಗಾಗುತ್ತದೆ. ಮೊದಲ ತಿಂಗಳು ಆ ಸದ್ದಿಗಿಂತ ನನ್ನನ್ನು ಕಾಡಿದ್ದು ಕಡಲಿನ ಸದ್ದು ಇಲ್ಲದಿರುವುದು. ಅಡುಗೆಯದ್ದೂ ಕಷ್ಟವೇ. ಹಿನ್ನೀರಿನ ಮೀನಿಗೆ ಎಷ್ಟು ಹುಳಿ ಹಾಕಿದರೂ ಕೆಸರಿನ ವಾಸನೆ ಹೋಗುವುದಿಲ್ಲ. ಮನೆಯೊಡತಿ ಕಳಲೆ ಪಲ್ಯ ಕಲಿಸಿದರು. ನಾನು ಬಿದಿರಿನ ಮೊಳಕೆಯನ್ನು ನೆನೆಹಾಕಿದ ಕಹಿ ನೀರು ಚೆಲ್ಲದೆ ಅದರಲ್ಲೇ ಬೇಯಿಸಿ, ಅವರಿಗೇ ಬಡಿಸಿದೆ. ಒಂದು ತುತ್ತು ಬಾಯಿಗಿಟ್ಟು, "ಅಡ್ಡಿಲ್ಲ ಅಂತೀರಲ್ಲ ನಿಮ್ ಕಡೆ, ಹಂಗಿದೆ," ಎಂದು ನೀರು ಕುಡಿದರು.

ನನ್ನ ಒಂಟಿತನ ನೋಡಲಾರದೆ ಈ ಯೋಜನೆ ಹಾಕಿದವನು ಊರಿನ ನಮ್ಮ ಡೈವಿಂಗ್ ಕ್ಲಬ್ಬಿನ ಮುಖಂಡ ಗಣಪು. "ನೀ ಬರುದಿಲ್ಲ ಅಂದ್ರೆ ನಾವೇ ಬರ್ತೇವೆ. ಸಿಹಿನೀರಲ್ಲಿ ನಮ್ಮೋರ‍್ಯಾರೂ ಇಳೀಲಿಲ್ಲ. ದೋಣಿ ಬ್ಯಾಡ, ದಡದಿಂದ್ಲೇ ನಡ್ಕಂಡು ಇಳಿವಾ. ಜಾಗ ನೋಡು," ಎಂದ. ಶೃಂಗೇರಿ ಹೇಗೆ, ಅಲ್ಲಿ ತುಂಗೆಯಲ್ಲಿ ದೊಡ್ಡ ದೊಡ್ಡ ಮೀನಂತಲ್ಲ ಎಂದೂ ಕೇಳಿದ. ಅವು ದೇವರ ಮೀನು, ಮೆಟ್ಟಿಲ ಮೇಲೆ ನಿಂತು ಮಂಡಕ್ಕಿ ಹಾಕಿ ಕೈಮುಗಿಯಬೇಕೇ ಹೊರತು ರಬ್ಬರಿನ ಅಂಗಿಯಲ್ಲಿ ಎದುರು ಹೋಗಿ ನಿಲ್ಲುವ ಹಾಗಿಲ್ಲ, ಆ ಮಾತು ಫೋನಿನಲ್ಲೂ ಆಡಬೇಡ ಎಂದೆ. ಹಾಗಾಗಿ ಭದ್ರಾ ಹಿನ್ನೀರೇ ಉಳಿಯಿತು.

ಜನವರಿಯಲ್ಲಿ ಹೋಗಿ ದಡ ನೋಡಿದೆ. ಹುಲ್ಲಿನ ಇಳಿಜಾರು, ಅಂಚಿನವರೆಗೂ ತುಂಬಿದ ನೀರು, ಕಾರು ನಿಲ್ಲಿಸಲಿಕ್ಕೆ ಮರದ ನೆರಳು. ಫೋಟೋ ಕಳಿಸಿದೆ. ಕ್ಲಬ್ಬಿನವರಿಗೆ ಬಿಡುವಾಗುವುದು ಏಪ್ರಿಲಿನಲ್ಲಿ, ಆಗಲಿ ಎಂದೆ. ಕಡಲಿನವಳ ಬುದ್ಧಿ ನನ್ನದು. ನಮ್ಮಲ್ಲಿ ನೀರು ಇಳಿದರೆ ಸಂಜೆಯೊಳಗೆ ತಿರುಗಿ ಬರುತ್ತದೆ. ಇಲ್ಲಿ ನೀರು ಇಳಿದರೆ ಮುಂದಿನ ಮಳೆಗಾಲಕ್ಕೇ ಬರುವುದು ಎಂದು ನನಗೆ ಹೊಳೆಯಲೇ ಇಲ್ಲ. ಸಿಹಿನೀರು ಕಡಲಿನಷ್ಟು ಎತ್ತಿಹಿಡಿಯುವುದಿಲ್ಲ, ಸೊಂಟದ ಸೀಸದ ತೂಕ ಕಡಿಮೆ ಮಾಡಬೇಕು ಎಂಬುದೆಲ್ಲ ನೆನಪಿತ್ತು. ದಡವೇ ಎದ್ದು ಹೋಗುತ್ತದೆ ಎನ್ನುವುದು ಮಾತ್ರ ತಿಳಿದಿರಲಿಲ್ಲ.

ಅಷ್ಟರಲ್ಲಿ ಲಲಿತಕ್ಕ ಬಂದರು.

ಸಂತೆಯ ದಿನ, ಅಂಗಡಿಯಲ್ಲಿ ಜನ ತೆಳುವಾದ ಮೇಲೆ ಕೌಂಟರಿನ ಹತ್ತಿರ ಬಂದು, "ಮುಳುಗೋರನ್ನ ಕರೆಸ್ತಿರೋದು ನೀವೇನಾ?" ಎಂದರು. ಕೊಪ್ಪದಾಚೆಯ ನಾರ್ವೆ ಎಂಬ ಹಳ್ಳಿಯ ಕಡೆಯವರು. ಹೋದ ಮಳೆಗಾಲ ಅವರ ಗಂಡ ಇಲ್ಲಿಯ ನೆಂಟರ ಮನೆಗೆ ಬಂದವರು ತೆಪ್ಪದಲ್ಲಿ ಬಲೆ ಬಿಡಲು ಹೋಗಿದ್ದರಂತೆ. ತೆಪ್ಪ ಮಗುಚಿತು. ಹುಡುಕಿದರು, ಸಿಗಲಿಲ್ಲ. ಎಷ್ಟೋ ದಿನದ ಮೇಲೆ ಎಡಗಾಲಿನ ಗಂಬೂಟು ಮಾತ್ರ ದಡಕ್ಕೆ ಬಂದಿತ್ತು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದರು. ತೋಟದಲ್ಲಿ ಎಲ್ಲರೂ ಹಾಕುವ ಕಪ್ಪು ಬೂಟು. ಹಿಮ್ಮಡಿಯ ಮೇಲೆ ಸೈಕಲ್ ಟ್ಯೂಬಿನ ಕೆಂಪು ತೇಪೆ.

"ಬಲಗಾಲಿಂದಕ್ಕೂ ಇಂಥದೇ ತೇಪೆ ಉಂಟು. ಎರಡೂ ಅವ್ರೇ ಹಾಕಿದ್ದು," ಎಂದರು. ಹಣೆಯಲ್ಲಿ ಕುಂಕುಮವಿತ್ತು, ಕೊರಳಲ್ಲಿ ತಾಳಿಯಿತ್ತು. "ಮನೆಯಲ್ಲಿ ಕಾರ್ಯ ಮಾಡಿ ಮುಗಿಸುವ ಅಂತಾರೆ. ಕಾಣದೆ ಹೆಂಗೆ ಮಾಡದು? ಒಂದ್ ಪಕ್ಷ ಎಲ್ಲಾದ್ರೂ ಇದ್ರೆ? ಇನ್ನೊಂದು ಬೂಟು ಸಿಕ್ಕಿದ್ರೂ ಸಾಕು ನಂಗೆ. ಆಮೇಲೆ ಮನೆಯೋರು ಹೇಳ್ದಂಗೆ ಕೇಳ್ತೀನಿ."

ನಮ್ಮವರು ಅಂಥ ಕೆಲಸದವರಲ್ಲ, ಸುಮ್ಮನೆ ಮೀನು ನೋಡಲಿಕ್ಕೆ ಇಳಿಯುವವರು ಎಂದೆ.

"ಮೀನು ನೋಡ್ಲಿಕ್ಕಾ?"

"ಹೂಂ."

"ನೋಡಿ ಎಂತ ಮಾಡ್ತಾರೆ?"

ಇಷ್ಟು ವರ್ಷ ಇಳಿದಿದ್ದೇನೆ. ಹಾಗೆ ಯಾರೂ ಕೇಳಿರಲಿಲ್ಲ; ನಾನು ಮಾತ್ರೆಯ ಪಟ್ಟಿಗಳನ್ನು ಜೋಡಿಸತೊಡಗಿದೆ. ಲಲಿತಕ್ಕ ಅದನ್ನೇ ಒಪ್ಪಿಗೆ ಎಂದುಕೊಂಡರೋ ಏನೋ, ಚೀಲ ಎತ್ತಿಕೊಂಡು ಬಸ್ಸಿಗೆ ಹೋದರು.

ಗಣಪುವಿಗೆ ಫೋನು ಮಾಡಿ ಎಲ್ಲ ಹೇಳಿದೆ. "ತಂಗಿ, ಕೆಳಗೆ ಮರದ ಬುಡ ಇರ್ತದೆ, ಹರಿದ ಬಲೆ ಇರ್ತದೆ. ಕಣ್ಣು ಕಾಣ್ದಿದ್ರೆ ನಮ್ಮೋನೇ ಒಬ್ಬ ಉಳೀತಾನೆ. ಅದು ನಮ್ಮ ಕೈಲಿ ಆಪ್ದಲ್ಲ," ಎಂದ. ಅವನ ಮಾತು ಸರಿ. ಹಾಗಾದರೆ ಬರುವುದೇ ಬೇಡ ಎಂದೆ. ಜೀಪು ಹೇಳಿಯಾಗಿದೆ, ಒಮ್ಮೆ ನಿನ್ನ ಮುಖವನ್ನಾದರೂ ನೋಡಿ ಹೋಗುತ್ತೇವೆ ಎಂದ. ಅದು ಕೇಳಿದ್ದೇ ನನಗೆ ಅಳು ಬಂತು, ಬೇಡ ಎನ್ನಲು ಬಾಯಿ ಬರಲಿಲ್ಲ. ನಾರ್ವೆಗೆ ಹೋಗಿ ಲಲಿತಕ್ಕನಿಗೆ ಹೇಳಿ ಬರಬೇಕೆಂದು ಹೊರಟವಳು ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಅಲ್ಲಿಂದ ಮುಂದೆ ಕಾಲೇಳದೆ, ಗಂಡನ ಜೊತೆ ತಿರುಗಿ ಬಂದೆ.

ಅವರು ಬಂದ ಶನಿವಾರ ಜೀಪು ದಡಕ್ಕೆ ಹೋಗಿ ನಿಂತಾಗ ನೀರಿರಲಿಲ್ಲ. ನನ್ನ ಫೋಟೋದ ಹುಲ್ಲಿನ ಇಳಿಜಾರು ಇತ್ತು, ಅದರಾಚೆ ಬಿರುಕು ಬಿಟ್ಟ ಕೆಸರು, ಕಪ್ಪು ಮರದ ಬೊಡ್ಡೆಗಳು, ದೂರದಲ್ಲೆಲ್ಲೋ ನೀರು. ಕ್ಲಬ್ಬಿನ ಹುಡುಗಿಯೊಬ್ಬಳು, "ಎಂತದೆ, ಸಮುದ್ರ ಬತ್ತಿಸಿ ಇಟ್ಟಿಯಲ್ಲೆ!" ಎಂದು ನಗತೊಡಗಿದವಳು ಅರ್ಧಕ್ಕೇ ನಿಲ್ಲಿಸಿದಳು. ಮರದ ನೆರಳಿನಲ್ಲಿ ಜನ ಕೂತಿದ್ದರು. ಬೆಳಗಿನಿಂದ ಕಾಯುತ್ತಿದ್ದರಂತೆ. ಒಬ್ಬರು ಫ್ಲಾಸ್ಕಿನಲ್ಲಿ ಕಷಾಯ ತಂದಿದ್ದರು, ಇನ್ನೊಬ್ಬರು ನೀರಿಗೆ ಬಿಡಲು ಹೂವು, ತೆಂಗಿನಕಾಯಿ. ಅವರ ನಡುವೆ ಲಲಿತಕ್ಕ, ತೊಡೆಯ ಮೇಲೆ ಆ ಚೀಲ.

ಅಷ್ಟು ಜನರ ಮುಂದೆ, ನಾವು ಮೋಜಿಗೆ ಬಂದವರು ಎಂದು ಯಾರು ಹೇಳಬೇಕು? ನಾನು ಗಣಪುವಿನ ಮುಖ ನೋಡಿದೆ. ಅವನು ನನ್ನ ಮುಖ ನೋಡಿ, ಬೈಯಲೂ ಆಗದೆ, ರಬ್ಬರಿನ ಅಂಗಿ ತೊಟ್ಟ. ಇನ್ನೊಬ್ಬನನ್ನು ಕರೆದುಕೊಂಡು, ಸಿಲಿಂಡರು ಹೊತ್ತು, ಮೊಣಕಾಲುದ್ದ ಕೆಸರಿನಲ್ಲಿ ನಡೆದ. ಊರಿನವರು ಮುಂದೆ ಹಲಗೆ ಹಾಸುತ್ತ ಹೋದರು. ಇಬ್ಬರೂ ನಡುವೆ ಹಗ್ಗ ಕಟ್ಟಿಕೊಂಡು ಇಳಿದರು. ಗುಳ್ಳೆಗಳು ಏಳುವುದನ್ನು ಎಲ್ಲರೂ ನೋಡುತ್ತ ನಿಂತೆವು.

ಬೇಗನೇ ಮೇಲೆ ಬಂದರು. ಬರಿಗೈ. ಅಂಚಿನಲ್ಲೇ ಮುಖದ ಹತ್ತಿರ ಹಿಡಿದ ಕೈ ಕಾಣಲಿಲ್ಲವಂತೆ, ಮುಂದೆ ಹೋಗುವುದು ಸಾಧ್ಯವಿರಲಿಲ್ಲವಂತೆ. ಕಷಾಯ ತಂದವರು ಲೋಟಕ್ಕೆ ಬಗ್ಗಿಸಿ ಗಣಪುವಿನ ಕೈಗಿಟ್ಟರು.

ಲಲಿತಕ್ಕ ಸಿಕ್ಕಿತಾ ಎಂದು ಕೇಳಲಿಲ್ಲ. "ಕೆಳಗೆ ಹೆಂಗುಂಟು?" ಎಂದರು.

"ಕತ್ತಲೆ ಅದೆ ಅಕ್ಕ. ಸದ್ದೇ ಇಲ್ಲ. ಕೆಳಗೆ ಹೋದ್ಹಂಗೆ ತಂಪು."

"ಚಳಿ ಅಂದ್ರೆ ಆಗ್ತಿರಲಿಲ್ಲ ಅವ್ರಿಗೆ," ಎಂದರು ಲಲಿತಕ್ಕ.

ಗಣಪು ಲೋಟ ಕೆಳಗಿಟ್ಟು ಆಚೆ ತಿರುಗಿದ. ಮಾರನೆಯ ದಿನಕ್ಕೆ ಹಾಕಿದ್ದ ಯೋಜನೆಯ ಸುದ್ದಿ ಯಾರೂ ಎತ್ತಲಿಲ್ಲ. ನಮ್ಮ ಮನೆಯಲ್ಲಿ ಊಟ ಮಾಡಿ, ಅವರು ತಂದ ಬಂಗುಡೆಯಲ್ಲಿ ಉಳಿದದ್ದನ್ನು ನನ್ನ ಫ್ರಿಜ್ಜಿನಲ್ಲಿಟ್ಟು ಹೊರಟರು. ಜೀಪು ಹತ್ತುವಾಗ ಗಣಪು, "ನಿಮ್ಮೂರೋರಿಗೆ ಹೇಳು, ಬ್ಯಾಸರ ಮಾಡ್ಕಣುದು ಬ್ಯಾಡ ಅಂತ," ಎಂದ. ನಿಮ್ಮೂರು ಎಂದು ಅವನು ಹೇಳಿದ್ದು ನರಸಿಂಹರಾಜಪುರಕ್ಕೆ. ಮರುದಿನ ಅಂಗಡಿಯಲ್ಲಿ ರಾಘಣ್ಣ, "ನಿಮ್ಮೋರು ಪಾಪ, ಅಷ್ಟು ದೂರದಿಂದ ಬಂದ್ರು ಮಾರಾಯ್ರೆ," ಎಂದರು. ಅಲ್ಲಿಯವರಿಗೆ ನಾನು ಇಲ್ಲಿಯವಳು, ಇಲ್ಲಿಯವರಿಗೆ ಅಲ್ಲಿಯವಳು.

ಮುಂದಿನ ಸಂತೆಗೆ ಲಲಿತಕ್ಕ ಬಂದು ಚೀಲವನ್ನು ಕೌಂಟರಿನ ಮೇಲಿಟ್ಟರು. "ನಿಮ್ಮತ್ರಾನೇ ಇರ್ಲಿ. ಮತ್ತೆ ಇಳಿದಾಗ ಹೋಲಿಸಿ ನೋಡ್ಲಿಕ್ಕೆ ಬೇಕಲ್ಲ," ಎಂದರು. ಬೇಡ ಎನ್ನಬೇಕಿತ್ತು. ಇನ್ನು ಯಾರೂ ಇಳಿಯುವುದಿಲ್ಲ ಎಂದು ಅಲ್ಲೇ ಹೇಳಬೇಕಿತ್ತು. ಹಣೆಯ ಕುಂಕುಮ ನೋಡಿದೆ, ಹೇಳಲಾಗಲಿಲ್ಲ. ಎರಡೂ ಕೈಯಲ್ಲಿ ತೆಗೆದುಕೊಂಡೆ.

ಈಗ ಮಳೆ ಹಿಡಿದಿದೆ. ನನ್ನ ಹುಲ್ಲಿನ ದಡ ಮತ್ತೆ ನೀರಿನ ಅಂಚಿಗೆ ಬಂದಿದೆಯಂತೆ. ನಿನ್ನೆ ಗಂಡ ಸಿಹಿ ಪೊಟ್ಟಣ ಹಿಡಿದು ಬಂದ. ನಮ್ಮೂರಿನ ಹತ್ತಿರದ ಹೊನ್ನಾವರಕ್ಕೆ ವರ್ಗ ಸಿಗುವ ಹಾಗಿದೆ. ಬಂದ ದಿನದಿಂದ ನಾನು ಹರಕೆ ಹೊತ್ತದ್ದು ಇದಕ್ಕೇ. ಒಳಗೆ ಹೋಗಿ ಮಂಚದಡಿಯಿಂದ ನನ್ನ ಡೈವಿಂಗಿನ ಚೀಲ ಎಳೆದೆ. ಅದರ ಪಕ್ಕದಲ್ಲಿ ಆ ಬೂಟು ನಿಂತಿತ್ತು. ಸಂತೆಗೆ ಬರುವ ಲಲಿತಕ್ಕನಿಗೆ ಇದನ್ನು ಯಾವ ಮುಖ ಹೊತ್ತು ತಿರುಗಿ ಕೊಡಲಿ?

"ಎಂತಾಯ್ತೆ, ಖುಷಿ ಆಗಲಿಲ್ವಾ?" ಎಂದು ಗಂಡ ಹೊರಗಿನಿಂದ ಕೇಳಿದ. ನಾನು ಚೀಲವನ್ನು ಮಂಚದಡಿಗೆ ತಳ್ಳಿ, ಬೂಟಿನ ಮೇಲಿನ ಧೂಳು ಒರೆಸುತ್ತ ಕೂತೆ.